ಒಜಿಬ್ವೆ ಜನರ ಹಿಮಸರೋವರದ ಮೀನುಬೇಟೆ: ಮನೆಯಲ್ಲಿ ಮಾಡಿದ ಉಪಕರಣಗಳ ಸಾಕ್ಷ್ಯ

ಉತ್ತರ ಅಮೆರಿಕದ ಮಹಾಸರೋವರಗಳ ಪ್ರಾಂತದಲ್ಲಿ ಚಳಿಗಾಲದ ಮೂರು ನಾಲ್ಕು ತಿಂಗಳ ಕಾಲ ಕೆರೆ ಸರೋವರಗಳ ಮೇಲ್ಭಾಗವು ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಆ ಗಡ್ಡೆಯಲ್ಲಿ ರಂಧ್ರವನ್ನು ತೆಗೆದು ಕೆಳಗಣ ನೀರಿನಲ್ಲಿರುವ ಮೀನನ್ನು ಹಿಡಿಯುವ ಪದ್ಧತಿ ಅಲ್ಲಿಯ ಮೂಲನಿವಾಸಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಗಡ್ಡೆಯನ್ನು ಒಡೆಯುವ ಹಾರೆ, ಮೀನನ್ನು ಇರಿಯುವ ಈಟಿ, ಅದನ್ನು ಸೆಳೆಯುವ ಮರದ ಮೀನು, ಬೆಳಕನ್ನು ಮರೆಮಾಡುವ ಗುಡಿಸಲು, ಇವೆಲ್ಲವನ್ನೂ ಮೀನು ಹಿಡಿಯುವವನು ಬಹುಮಟ್ಟಿಗೆ ತಾನೇ ಮನೆಯಲ್ಲಿ ಸಿದ್ಧಪಡಿಸಿಕೊಳ್ಳುತ್ತಿದ್ದನು. ಇಂಥ ವಸ್ತುಗಳನ್ನು ಚರಿತ್ರಕಾರರು ಸಾಮಾನ್ಯವಾಗಿ ಜಾನಪದದ ಬೀರುವಿಗೆ ಒಪ್ಪಿಸಿ ಮುಂದೆ ಸಾಗುತ್ತಾರೆ. ಆದರೆ 1974ರಲ್ಲಿ ಇಂಥದೇ ಒಂದು ಈಟಿ ಮತ್ತು ಇಂಥದೇ ಒಂದು ಗುಡಿಸಲು ಒಂದು ದೀರ್ಘವಾದ ನ್ಯಾಯವಿವಾದಕ್ಕೆ ಮೊದಲಾದವು. ಅದರ ಪರಿಣಾಮವಾಗಿ 19ನೆಯ ಶತಮಾನದ ಮಧ್ಯಭಾಗದ ಒಪ್ಪಂದಗಳಿಗೆ ಹೊಸ ಜೀವ ಬಂದಿತು. ಆಗ ನ್ಯಾಯಾಲಯದ ಮುಂದೆ ನಿಂತ ಪ್ರಶ್ನೆಗಳಲ್ಲಿ, ಆ ಜನರು ಒಪ್ಪಂದದ ಕಾಲದಲ್ಲಿ ಯಾವ ಯಾವ ಸಾಧನಗಳಿಂದ ಮೀನು ಹಿಡಿಯುತ್ತಿದ್ದರೆಂಬುದೂ ಒಂದು. ಈ ಉಪಕರಣಗಳ ರಚನೆಯನ್ನು ವಿವರಿಸಿ, ಅವು ಚರಿತ್ರೆಗೆ ಯಾವ ಬಗೆಯ ಆಧಾರವಾಗಬಲ್ಲವೆಂಬುದನ್ನು ವಿಚಾರಮಾಡುವುದು ಪ್ರಕೃತ ಪ್ರಬಂಧದ ಉದ್ದೇಶ.

ಇಲ್ಲಿ ಹೇಳಲಿರುವ ಜನರನ್ನು ಒಜಿಬ್ವೆ ಎಂದು ಕರೆಯುವುದು ವಾಡಿಕೆ. ಅಮೆರಿಕ ಸರ್ಕಾರದ ಕಡತಗಳಲ್ಲಿ ಇವರೇ ಚಿಪ್ಪೆವಾ ಎಂದು ಕಾಣಿಸಿಕೊಳ್ಳುತ್ತಾರೆ. ತಮ್ಮನ್ನು ತಾವು ಅನಿಶಿನಾಬೆ ಎಂದು ಕರೆದುಕೊಳ್ಳುತ್ತಾರೆ. ಸುಪೀರಿಯರ್ ಸರೋವರದ ಸುತ್ತಲಿನ ವಿಸ್ಕಾನ್ಸಿನ್, ಮಿನ್ನೆಸೋಟ, ಮಿಶಿಗನ್ ರಾಜ್ಯಗಳೂ ಕೆನಡದ ಒಂಟೇರಿಯೊ ಪ್ರಾಂತವೂ ಇವರ ನೆಲೆ. ಇದು ಸಾವಿರಾರು ಸಣ್ಣ ದೊಡ್ಡ ಸರೋವರಗಳಿಂದ ತುಂಬಿರುವ ಅರಣ್ಯಪ್ರದೇಶ.

ನೀರಿನ ಮೇಲೆ ಗಡ್ಡೆ ಕಟ್ಟುವುದನ್ನು ಕಾಣದ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸಂಶಯ ತಲೆದೋರಬಹುದು: ಕೆರೆಯೇ ಹೆಪ್ಪುಗಟ್ಟಿದ ಮೇಲೆ ಮೀನು ಬದುಕಿರುವುದು ಹೇಗೆ? ನೀರು ಸುಮಾರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆ ನಿಲ್ಲುತ್ತದೆ, ಮೇಲಿನಿಂದಲೇ ಹೆಪ್ಪುಗಟ್ಟುತ್ತದೆ. ಹೀಗೆ ಕಟ್ಟಿದ ಗಡ್ಡೆಯೇ ಕೆಳಗಣ ನೀರಿಗೆ ಕಂಬಳಿಯಂತಾಗುತ್ತದೆ. ಆಳದಲ್ಲಿ ಮೀನುಗಳು ಮಂದಗತಿಯಿಂದ ಬಾಳುತ್ತಿರುತ್ತವೆ. ಪೈಕ್, ಮಸ್ಕಲಂಜ್, ಸರೋವರದ ಟ್ರೌಟ್ ಮೊದಲಾದ, ಇತರ ಮೀನುಗಳನ್ನೇ ತಿಂದು ಬದುಕುವ ದೊಡ್ಡ ಮೀನುಗಳು ಆಗಲೂ ಬೇಟೆಯನ್ನು ಬಿಡುವುದಿಲ್ಲ. ಮನುಷ್ಯನ ಪಾಲಿಗಾದರೆ ಅದು ಕೊರತೆಯ ಕಾಲ. ಶರತ್ಕಾಲದಲ್ಲಿ ಸರೋವರಗಳಿಂದ ಕೊಯ್ದು ಶೇಖರಿಸಿದ ಕಾಡಕ್ಕಿ ತೀರುತ್ತ ಬಂದು, ಮೇಪಲ್ ಮರದ ರಸದಿಂದ ಸಕ್ಕರೆ ಕಾಯಿಸುವ ವಸಂತ ಇನ್ನೂ ದೂರವಿರುವಾಗ, ಬೇಟೆಯೂ ಕೈಕೊಟ್ಟರೆ ಉಳಿಯುವುದು ಗಡ್ಡೆಯ ಕೆಳಗಣ ಮೀನು ಮಾತ್ರ. ಆದ್ದರಿಂದ ಈ ಉಪಕರಣಗಳನ್ನು ವಿನೋದದ ಸಾಮಗ್ರಿಯೆಂದು ಭಾವಿಸತಕ್ಕದ್ದಲ್ಲ.

ಈ ಪ್ರಾಂತದಲ್ಲಿ ಸಹಸ್ರಾರು ವರ್ಷಗಳ ಹಿಂದಿನ ತಾಮ್ರದ ಗಾಳಗಳೂ ಈಟಿಯ ಮೊನೆಗಳೂ ಭೂಶೋಧನೆಯಲ್ಲಿ ದೊರೆತಿವೆ. ಅವು ಮೀನುಗಾರಿಕೆಯ ಪ್ರಾಚೀನತೆಯನ್ನು ಸಾರುತ್ತವೆಯೇ ಹೊರತು ಗಡ್ಡೆಯ ಮೇಲೆ ಬಳಕೆಯಾದವೆಂಬುದಕ್ಕೆ ಅಷ್ಟರಿಂದಲೇ ಪ್ರಮಾಣವಾಗುವುದಿಲ್ಲ. ಮರ, ತೊಗಲು, ನಾರು ಮಣ್ಣಿನಲ್ಲಿ ಉಳಿಯತಕ್ಕವಲ್ಲ. ಆದಕಾರಣ ನಾವು ಲಿಖಿತ ಆಧಾರಗಳ ಕಡೆಗೆ ತಿರುಗಬೇಕಾಗುತ್ತದೆ.

ಲಿಖಿತ ಆಧಾರಗಳಲ್ಲಿ ಬಹುಮುಖ್ಯವಾದದ್ದು ಅಲೆಗ್ಸಾಂಡರ್ ಹೆನ್ರಿ ಎಂಬ ತುಪ್ಪುಳದೊಗಲಿನ ವ್ಯಾಪಾರಿಯ ಪ್ರವಾಸಕಥನ. ಇವನು 1761ರಲ್ಲಿ ಮಿಶಿಲಿಮ್ಯಾಕಿನಾಕ್ ಕೋಟೆಗೆ ಬಂದು, 1763ರ ದಂಗೆಯಲ್ಲಿ ಸೆರೆಸಿಕ್ಕಿ, ಅನಂತರ ಒಜಿಬ್ವೆ ಕುಟುಂಬವೊಂದರ ಜೊತೆಯಲ್ಲಿ ಬಾಳಿದವನು. ಗಡ್ಡೆಯ ಕೆಳಗಣ ಟ್ರೌಟ್ ಮೀನನ್ನು ಇರಿಯುವ ರೀತಿಯನ್ನು ಅವನು ಬಲು ವಿವರವಾಗಿ ಬಣ್ಣಿಸಿದ್ದಾನೆ. ಅದರ ಸಾರಾಂಶ ಹೀಗಿದೆ. ಮೊದಲು 2 ಗಜ ಸುತ್ತಳತೆಯ ರಂಧ್ರವನ್ನು ಕಡಿಯುತ್ತಾರೆ. ಅದರ ಮೇಲೆ ಕೊಂಬೆರೆಂಬೆಗಳಿಂದ ಸುಮಾರು 2 ಅಡಿ ಎತ್ತರದ ಚಪ್ಪರವನ್ನು ಕಟ್ಟಿ, ಬೆಳಕು ಒಂದಿಷ್ಟೂ ನುಸುಳದಂತೆ ತೊಗಲುಗಳನ್ನು ಹೊದಿಸುತ್ತಾರೆ. ಕಬ್ಬಿಣದ ಮೊನೆಯುಳ್ಳ ಸುಮಾರು 10 ಅಡಿಯ ಗಳುವನ್ನು ನೀರಿಗೆ ಇಳಿಸುತ್ತಾರೆ. ಬೇಟೆಗಾರನು ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ಚಪ್ಪರದೊಳಗೆ ಚಾಚಿ, ಸೀಸವನ್ನು ತುಂಬಿದ ಮರದ ಮೀನೊಂದನ್ನು ದಾರದಲ್ಲಿ 10 ಮಾರು ಆಳದವರೆಗೆ ಬಿಡುತ್ತಾನೆ. ದಾರವನ್ನು ಸೆಳೆದಾಗ ಅದು ನೀರಿನ ಒತ್ತಡದಿಂದ ನಿಜವಾದ ಮೀನಿನಂತೆ ಮುಂದಕ್ಕೆ ಚಲಿಸುತ್ತದೆ. ದೊಡ್ಡ ಮೀನು ಅದನ್ನು ಹಿಡಿಯಲು ನೆಗೆಯುತ್ತದೆ. ಒಡನೆಯೇ ಅದನ್ನು ಮೇಲಕ್ಕೆ ಸೆಳೆದುಕೊಳ್ಳುತ್ತಾನೆ. ಮೀನು ಎರಡನೆಯ ಸಲ ಮೇಲೆ ಬೀಳುವುದಕ್ಕೆ ತುಸು ಹೊತ್ತು ಹಿಡಿಯುತ್ತದೆ. ಆ ಅವಕಾಶದಲ್ಲಿ ಈಟಿಯನ್ನು ಅನುಕೂಲವಾಗಿ ಹಿಡಿದುಕೊಂಡು, ಮೀನು ಮರಳಿ ಬಂದಾಗ ಅದರ ಬೆನ್ನಿಗೆ ನಾಟುತ್ತಾನೆ.

ಇಲ್ಲಿ ಚಪ್ಪರದ ಪ್ರಯೋಜನವೇನು? ಚಳಿಯಿಂದ ರಕ್ಷಣೆಗೆಂದು ನಾವು ಊಹಿಸಿದರೆ ತಪ್ಪಾಗುತ್ತದೆ. ಎರಡಡಿ ಎತ್ತರದ ಚಪ್ಪರ ತಲೆಯೊಂದನ್ನು ಬಿಟ್ಟು ಮತ್ತಾವುದನ್ನೂ ಕಾಯಲಾರದು. ಬಯಲಿನಲ್ಲಿ ನಿಂತು ನೋಡಿದರೆ ಆಕಾಶದ ಬೆಳಕು ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಕಣ್ಣನ್ನು ಕುಕ್ಕುತ್ತದೆ, ಆಳ ಕಾಣಿಸದು. ನೋಡುವವನ ಸುತ್ತ ಕತ್ತಲೆಯನ್ನು ನಿರ್ಮಿಸಿದರೆ ಆ ಪ್ರತಿಫಲನ ಇಲ್ಲವಾಗುತ್ತದೆ. ಸುತ್ತಲಿನ ಗಡ್ಡೆಯ ಮೂಲಕ ಇಳಿದ ಬೆಳಕಿನಿಂದ ನೀರು ಒಳಗಿನಿಂದಲೇ ಬೆಳಗಿದಂತೆ ತೋರುತ್ತದೆ. ಹೆನ್ರಿಗೆ ಈ ತತ್ತ್ವ ತಿಳಿದಿತ್ತು. ಗಡ್ಡೆಯು 2 ಅಡಿ ದಪ್ಪವಿದ್ದಾಗಲೂ 3 ಮಾರು ಆಳದ ತಳದಲ್ಲಿ ಮೀನುಗಳ ನೆರಳು ಅವುಗಳ ಜೊತೆಯಲ್ಲಿ ಸರಿಯುವುದನ್ನು ತಾನು ಕಂಡುದಾಗಿ ಅವನು ಹೇಳುತ್ತಾನೆ.

ಹೆನ್ರಿಯ ಗ್ರಂಥ ನ್ಯೂಯಾರ್ಕಿನಲ್ಲಿ ಅಚ್ಚಾದದ್ದು 1809ರಲ್ಲಿ, ಎಂದರೆ ಕಂಡ ಸಂಗತಿಗೂ ಬರೆದ ಪುಸ್ತಕಕ್ಕೂ ನಾಲ್ಕು ದಶಕಗಳಿಗಿಂತ ಹೆಚ್ಚಿನ ಅಂತರವಿದೆ. ಇದರಿಂದ ಅವನ ಕಥನದ ಸಾಹಸಪ್ರಸಂಗಗಳನ್ನು ಕೆಲವು ವಿದ್ವಾಂಸರು ಸಂಶಯದಿಂದ ನೋಡಿದ್ದುಂಟು. ಆದರೆ ಮರದ ಮೀನಿನ ವಿವರಣೆಯಲ್ಲಿ ಉತ್ಪ್ರೇಕ್ಷೆಗೆ ಕಾರಣವೇ ಇಲ್ಲ. ಅಲ್ಲದೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಕಾಲದ ತರುವಾಯ ಫ್ರಾನ್ಸಿಸ್ ಡೆನ್ಸ್‌ಮೋರ್ ಎಂಬಾಕೆ ಇದೇ ಜನರ ನಡುವೆ ಸಂಚರಿಸಿ ಬರೆದು, ಸ್ಮಿತ್‌ಸೋನಿಯನ್ ಸಂಸ್ಥೆಯ ಜನಾಂಗಶಾಸ್ತ್ರ ವಿಭಾಗವು 1929ರಲ್ಲಿ ಪ್ರಕಟಿಸಿದ ಚಿಪ್ಪೆವಾ ಜನರ ಆಚಾರಗಳನ್ನು ಕುರಿತ ಗ್ರಂಥದಲ್ಲಿಯೂ ಇದೇ ಪದ್ಧತಿ ಕಾಣಬರುತ್ತದೆ. ಅಲ್ಲಿ ತೊಗಲಿಗೆ ಬದಲಾಗಿ ಕಂಬಳಿ ಬಂದಿದೆ, ಅಷ್ಟೆ. ಎರಡು ಸ್ವತಂತ್ರ ಸಾಕ್ಷ್ಯಗಳು ಹೀಗೆ ಹೊಂದಿಕೊಳ್ಳುವಾಗ ಅವುಗಳನ್ನು ನಂಬಲು ಅಡ್ಡಿಯಿಲ್ಲ. ಬಲೆಗೆ ಬೇಕಾದ ಹುರಿಯನ್ನು ಹೊಸೆದು ಬಲೆ ಹೆಣೆಯುವ ಕೆಲಸ ಬಹುಮಟ್ಟಿಗೆ ಹೆಂಗಸರದಾಗಿತ್ತೆಂಬುದನ್ನೂ ಡೆನ್ಸ್‌ಮೋರಳಿಂದ ತಿಳಿಯುತ್ತೇವೆ. ಮರದ ಮೀನನ್ನು ಸಂಗ್ರಹಿಸುವ ಇಂದಿನ ಉತ್ಸಾಹಿಗಳು ಈ ಹುರಿಯ ವಿಚಾರವನ್ನು ಮರೆತೇಬಿಟ್ಟಿದ್ದಾರೆ.

ಈಗ ರಚನೆಯ ವಿಚಾರ. ಮರದ ಮೀನಿಗೆ ಕನ್ನಡದಲ್ಲಿ ಯಾವ ಹೆಸರಿಡಬೇಕು? ನಮ್ಮ ಪ್ರಾಚೀನ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ ಕಾಡುಮೃಗಗಳನ್ನು ಮರುಳುಗೊಳಿಸಿ ಹತ್ತಿರಕ್ಕೆ ಸೆಳೆಯಲು ಬಳಸುವ ಸಾಕಿದ ಮೃಗಕ್ಕೆ ‘ದೀಹ’ ಅಥವಾ ‘ದೀವ’ ಎಂಬ ಮಾತಿದೆ. ಒಜಿಬ್ವೆ ಬೇಟೆಗಾರನ ಮರದ ಮೀನು ಮಾಡುವ ಕೆಲಸವೂ ಅದೇ ಆದುದರಿಂದ ಅದನ್ನು ‘ದೀಹದ ಮೀನು’ ಎಂದು ಕರೆಯುವುದು ಯುಕ್ತವೆಂದು ತೋರುತ್ತದೆ.

ದೀಹದ ಮೀನನ್ನು ಬಹುಮಟ್ಟಿಗೆ ಸೀಡರ್, ಬಾಸ್‌ವುಡ್ ಮುಂತಾದ ಮೃದುವಾದ ಮರಗಳಿಂದ ಕೆತ್ತುತ್ತಾರೆ. ಗೇಣುದ್ದದ ತುಂಡೊಂದನ್ನು ಚಾಕುವಿನಿಂದ ಮೀನಿನ ಆಕಾರಕ್ಕೆ ತಂದು, ಬಾಲವನ್ನು ತುಸು ಒಂದು ಪಕ್ಕಕ್ಕೆ ಬಾಗಿದಂತೆ ಬಿಡುತ್ತಾರೆ. ಹೊಟ್ಟೆಯ ಕೆಳಗೆ ಗುಳಿಯೊಂದನ್ನು ತೋಡಿ ಕರಗಿಸಿದ ಸೀಸವನ್ನು ಹೊಯ್ಯುತ್ತಾರೆ. ಮರ ಚೆನ್ನಾಗಿ ಒಣಗಿರಬೇಕು. ಹಸಿ ಉಳಿದಿದ್ದರೆ ಬಿಸಿ ಸೀಸ ತಗುಲಿದೊಡನೆ ಆವಿಯೆದ್ದು ಲೋಹ ಮುಖಕ್ಕೆ ಸಿಡಿಯುತ್ತದೆ. ಎರಡು ಪಕ್ಕಗಳಿಗೂ ತಗಡಿನ ಈಜುರೆಕ್ಕೆಗಳನ್ನು ಸಿಕ್ಕಿಸುತ್ತಾರೆ. ಡಬ್ಬಗಳು ಪೇಟೆಯಿಂದ ಬರತೊಡಗಿದ ಮೇಲೆ ಖಾಲಿ ಡಬ್ಬದ ತಗಡೇ ಇದಕ್ಕೆ ಒದಗಿತು. ಬೆನ್ನಿನ ಮೇಲೆ ದಾರ ಕಟ್ಟುವ ಕೊಂಡಿ. ಬಣ್ಣಕ್ಕೆ ಕೆಲವರು ಮರವನ್ನು ಬೆಂಕಿಯ ಜ್ವಾಲೆಗೆ ಹಿಡಿದು ಕಪ್ಪು ಪಟ್ಟೆಗಳನ್ನು ಮೂಡಿಸುತ್ತಿದ್ದರು, ಕೆಲವರು ಮನೆಗೆ ಬಳಿಯುವ ಬಣ್ಣವನ್ನೇ ಬಳಿಯುತ್ತಿದ್ದರು.

ನೋಡುವುದಕ್ಕೆ ಇದು ಮಕ್ಕಳ ಆಟಿಕೆಯಂತಿರುತ್ತದೆ. ಕಷ್ಟವಿರುವುದು ತೂಕದಲ್ಲಿ. ಸೀಸ ಹೆಚ್ಚಾದರೆ ಮೀನು ಕಲ್ಲಿನಂತೆ ಮುಳುಗುತ್ತದೆ, ಕಡಿಮೆಯಾದರೆ ತೇಲುತ್ತದೆ. ಗುಳಿ ಒಂದಿಷ್ಟು ಮುಂದಾದರೆ ಮೂತಿ ಕೆಳಗಾಗಿ ನೇತಾಡುತ್ತದೆ. ದಾರವನ್ನು ಮೇಲಕ್ಕೆ ಎಳೆದು ಸಡಿಲ ಬಿಟ್ಟಾಗ ಅದು ಸಮತಲವಾಗಿ ಇಳಿಯುತ್ತ, ರೆಕ್ಕೆಯ ಓರೆಯಿಂದ ಮುಂದೆ ಜಾರುತ್ತ, ಬಾಲದ ಬಾಗಿನಿಂದ ವರ್ತುಲಾಕಾರವಾಗಿ ಸುತ್ತಬೇಕು. ಹಾಗೆ ಸುತ್ತಿದರೆ ಮಾತ್ರ ರಂಧ್ರದ ಕೆಳಗಿನ ಜಾಗವನ್ನು ಬಿಟ್ಟು ಹೋಗದೆ, ದೂರದ ಮೀನಿಗೂ ಕಾಣಿಸಿಕೊಳ್ಳುತ್ತದೆ. ಇದಕ್ಕಾಗಿ ಮಾಡಿದವನು ಅದನ್ನು ನೀರಿನಲ್ಲಿ ಮತ್ತೆ ಮತ್ತೆ ಬಿಟ್ಟು, ಸೀಸವನ್ನು ಕೆರೆದು ಅಥವಾ ಕೂಡಿಸಿ, ರೆಕ್ಕೆಗಳನ್ನು ಕೂದಲೆಳೆಯಷ್ಟು ಬಗ್ಗಿಸಿ ನೋಡುತ್ತಾನೆ. ಇದು ಬರವಣಿಗೆಯಿಂದ ಕಲಿಯುವ ವಿದ್ಯೆಯಲ್ಲ. ಬಲ್ಲವರ ಪಕ್ಕದಲ್ಲಿ ಕುಳಿತು ಕೈಯಿಂದ ಕೈಗೆ ಬರತಕ್ಕದ್ದು. ಕಣ್ಣು, ಕಿವಿರು, ಹುರುಪೆಗಳನ್ನು ಅಚ್ಚುಕಟ್ಟಾಗಿ ಬರೆದ ಮೀನು ನೀರಿನಲ್ಲಿ ಕೈಲಾಗದ್ದಾಗಿಯೂ, ಒರಟಾಗಿ ಕೆತ್ತಿದ್ದು ಸೊಗಸಾಗಿ ಈಜುವುದಾಗಿಯೂ ಇರಬಹುದು.

ಈಟಿಯಲ್ಲಿ ಐದಾರು ಮೊನೆಗಳಿದ್ದು ಒಂದೊಂದಕ್ಕೂ ಮುಳ್ಳು ಇರುತ್ತದೆ. ಅದನ್ನು ಎಸೆಯುವುದಕ್ಕಿಂತಲೂ ಕೆಳಕ್ಕೆ ಬಿಡುವುದೆನ್ನುವುದು ಸರಿಯಾದ ಮಾತು: ತನ್ನ ತೂಕದಿಂದಲೇ ಅದು ನೆಟ್ಟಗೆ ಇಳಿದು ಮೀನನ್ನು ತಳಕ್ಕೆ ಒತ್ತಬೇಕು. ಕಳೆದುಹೋಗದಂತೆ ಹಿಡಿಗೆ ಹಗ್ಗವಿರುತ್ತದೆ. ಗಡ್ಡೆಯೊಡೆಯುವ ಹಾರೆಗೂ ಹಾಗೆಯೇ ಮಣಿಕಟ್ಟಿಗೆ ಸಿಕ್ಕಿಸುವ ಕುಣಿಕೆ ಬೇಕು. ಕೊನೆಯ ಏಟಿಗೆ ಗಡ್ಡೆ ಹಠಾತ್ತಾಗಿ ಬಿಟ್ಟುಕೊಂಡಾಗ ಮರಗಟ್ಟಿದ ಕೈಯಿಂದ ಹಾರೆ ಜಾರಿ ಸರೋವರದ ಪಾಲಾಗುವುದು ಸಾಮಾನ್ಯ.

ಹೆನ್ರಿ ಕಂಡ ಉಪಕರಣಗಳಲ್ಲಿ ಒಂದು ಸಂಗತಿ ವಿಶೇಷವಾಗಿ ಗಮನಿಸತಕ್ಕದ್ದು. 1760ರ ದಶಕದಲ್ಲಿಯೇ ಈಟಿಯ ಮೊನೆ ಕಬ್ಬಿಣದ್ದಾಗಿತ್ತು. ಅದು ತೊಗಲಿನ ವ್ಯಾಪಾರದಿಂದ ಬಂದ ವಸ್ತು. ಸೀಸವನ್ನಾದರೋ ಮಿಸ್ಸಿಸಿಪ್ಪಿ ನದಿಯ ಮೇಲ್ಭಾಗದ ಮೂಲನಿವಾಸಿಗಳು ತಾವೇ ಅಗೆದು ತೆಗೆಯುತ್ತಿದ್ದರು, ವ್ಯಾಪಾರಿಗಳ ಬಂದೂಕಿನ ಗುಂಡಿನಿಂದಲೂ ಅದು ದೊರೆಯುತ್ತಿತ್ತು. ಅಂದಮೇಲೆ ಹೊರಗಿನ ಸೋಂಕಿಲ್ಲದ ‘ಶುದ್ಧ’ ಪರಂಪರೆಯೊಂದನ್ನು ಹುಡುಕಿಕೊಂಡು ಹೊರಟವರಿಗೆ ನಮ್ಮ ಅತ್ಯುತ್ತಮ ಸಾಕ್ಷಿಯ ಕಾಲದಲ್ಲಿಯೂ ಅದು ಸಿಕ್ಕುವುದಿಲ್ಲ. ಎಲುಬು ಹೋಗಿ ಕಬ್ಬಿಣ ಬಂದಿತು, ತೊಗಲು ಹೋಗಿ ಕಂಬಳಿ ಬಂದಿತು, ಕಂಬಳಿಗೆ ಬದಲು ಹಲಗೆಯ ಗುಡಿಸಲಾಯಿತು, ರೆಕ್ಕೆಗೆ ಡಬ್ಬದ ತಗಡು ಬಂದಿತು. ಬದಲಾಗದೆ ಉಳಿದದ್ದು ಕೆಲಸದ ಕ್ರಮ: ಕತ್ತಲೆ, ದಾರದಲ್ಲಿ ಈಜುವ ಮೀನು, ಮೊದಲ ನೆಗೆತಕ್ಕೆ ಇರಿಯದೆ ಎರಡನೆಯದಕ್ಕೆ ಕಾಯುವ ತಾಳ್ಮೆ, ಮುಳ್ಳುಳ್ಳ ಈಟಿ. ಪರಂಪರೆಯೆಂಬುದನ್ನು ಈ ಕ್ರಮದಲ್ಲಿ ಕಾಣಬೇಕೆಂದು ನನ್ನ ಅಭಿಪ್ರಾಯ. ಈ ಮಾತಿಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆ ಬಂದಿತೆಂಬುದನ್ನು ಮುಂದೆ ನೋಡುವೆವು.

ವಲಸೆ ಬಂದ ಯೂರೋಪಿಯನರಿಗೆ ಗಡ್ಡೆಯ ಮೀನುಗಾರಿಕೆ ಸಂಪೂರ್ಣವಾಗಿ ಹೊಸದಾಗಿರಲಿಲ್ಲ. ಸ್ವೀಡನ್ನಿನ ಓಲಾಸ್ ಮ್ಯಾಗ್ನಸ್ 1555ರಲ್ಲಿ ರೋಮ್ ನಗರದಲ್ಲಿ ಪ್ರಕಟಿಸಿದ ಉತ್ತರದೇಶೀಯರ ಚರಿತ್ರೆಯಲ್ಲಿ ಗಡ್ಡೆಯ ಕೆಳಗೆ ಬಲೆ ಎಳೆಯುವ ಚಿತ್ರವಿದೆ. ಆದರೆ ದೀಹದ ಮೀನು ಮತ್ತು ಕತ್ತಲೆಯ ಗುಡಿಸಲುಗಳನ್ನು ಅವರು ಮೂಲನಿವಾಸಿಗಳಿಂದಲೇ ಕಲಿತರೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಮತ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ನ್ಯೂಯಾರ್ಕ್ ರಾಜ್ಯದ ಶಟಾಕ್ವಾ ಸರೋವರದ ದಂಡೆಯ ಬಿಳಿಯರು ತೊಗಲಿನ ಬಾಲವುಳ್ಳ ಮೀನುಗಳನ್ನು ಕೆತ್ತುತ್ತಿದ್ದರು. ಮಿಶಿಗನ್ನಿನ ಕ್ಯಾಡಿಲಾಕ್ ಊರಿನ ಆಸ್ಕರ್ ಪೀಟರ್ಸನ್ (1887–1951) ಇದರಲ್ಲಿ ವಿಶೇಷ ಪ್ರಸಿದ್ಧಿ ಪಡೆದನು. ವಿಸ್ಕಾನ್ಸಿನ್ನಿನ ವಿನ್ನಿಬೇಗೋ ಸರೋವರದಲ್ಲಿ ಸ್ಟರ್ಜನ್ ಎಂಬ ಭಾರಿ ಮೀನನ್ನು ಹಿಡಿಯುವುದನ್ನು 1915ರಲ್ಲಿ ನಿಷೇಧಿಸಿ, 1930ರ ದಶಕದ ಆರಂಭದಲ್ಲಿ ಗಡ್ಡೆಯ ಮೇಲಿಂದ ಈಟಿಯಿಂದ ಇರಿಯಲು ಮತ್ತೆ ಅನುಮತಿ ಕೊಟ್ಟರು. ಇಂದಿಗೂ ಪ್ರತಿ ಫೆಬ್ರವರಿಯಲ್ಲಿ ಅಲ್ಲಿ ಸಾವಿರಾರು ಗುಡಿಸಲುಗಳು ಏಳುತ್ತವೆ, ಜನರು ಮನೆಯಲ್ಲಿ ಮಾಡಿದ ದೀಹಗಳನ್ನೇ ಇಳಿಬಿಡುತ್ತಾರೆ.

ವಿನ್ನಿಬೇಗೋ ಸರೋವರದ ಮೇಲೆ ಈಟಿ ಊರಹಬ್ಬದ ಸಾಮಗ್ರಿಯಾದ ಅದೇ ರಾಜ್ಯದಲ್ಲಿ, ಒಜಿಬ್ವೆಯವನೊಬ್ಬನು ತನ್ನ ಮೀಸಲು ಪ್ರದೇಶದ ಗಡಿಯಾಚೆಗಿನ ಸರೋವರದಲ್ಲಿ ಅದನ್ನು ಹಿಡಿದುಕೊಂಡಿದ್ದರೆ ಅಪರಾಧವಾಗುತ್ತಿತ್ತು. ಇದರ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಒಜಿಬ್ವೆ ಜನರು 1837ರ ಮತ್ತು 1842ರ ಒಪ್ಪಂದಗಳಿಂದ ವಿಶಾಲವಾದ ಭೂಭಾಗವನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಆದರೆ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. 1850ರಲ್ಲಿ ಅಧ್ಯಕ್ಷ ಜಕಾರಿ ಟೇಲರನು ಈ ಹಕ್ಕನ್ನು ರದ್ದುಮಾಡಿ, ಅವರು ಪಶ್ಚಿಮಕ್ಕೆ ಹೊರಟುಹೋಗಬೇಕೆಂದು ಆಜ್ಞೆ ಹೊರಡಿಸಿದನು. ಆ ವರ್ಷದ ವಾರ್ಷಿಕ ಹಣವನ್ನು ಬಹುದೂರದ ಸ್ಯಾಂಡಿ ಲೇಕ್ ಎಂಬಲ್ಲಿ ಕೊಡುವುದಾಗಿ ಕರೆಸಿ, ಚಳಿಗಾಲದವರೆಗೆ ಕಾಯಿಸಿದ್ದರಿಂದ ಹಸಿವು ರೋಗಗಳಿಂದ ಅಲ್ಲಿಯೂ ಮರಳುವ ದಾರಿಯಲ್ಲಿಯೂ ಸುಮಾರು 400 ಮಂದಿ ಸತ್ತರು. 1854ರ ಒಪ್ಪಂದದಿಂದ ಅವರಿಗೆ ತಮ್ಮ ನಾಡಿನಲ್ಲಿಯೇ ಮೀಸಲು ಪ್ರದೇಶಗಳು ದೊರೆತವು. ಅವುಗಳ ಆಚೆಗಿನ ಮೀನಿನ ಹಕ್ಕು ಏನಾಯಿತೆಂಬುದೇ ವಿವಾದದ ಮೂಲ. 1908ರಲ್ಲಿ ಸುಪೀರಿಯರ್ ಸರೋವರದಲ್ಲಿ ಬಲೆ ಬೀಸಿದ ಒಜಿಬ್ವೆಯೊಬ್ಬನ ಮೊಕದ್ದಮೆಯಲ್ಲಿ ವಿಸ್ಕಾನ್ಸಿನ್ನಿನ ಸರ್ವೋಚ್ಚ ನ್ಯಾಯಾಲಯವು ಅಂಥ ಹಕ್ಕು ಉಳಿದಿಲ್ಲವೆಂದು ತೀರ್ಮಾನಿಸಿತು. 1972ರಲ್ಲಿ ಅದೇ ನ್ಯಾಯಾಲಯವು ಸುಪೀರಿಯರ್ ಸರೋವರದ ಮಟ್ಟಿಗೆ ತನ್ನ ನಿಲುವನ್ನು ಬದಲಿಸಿತು. ಒಳನಾಡಿನ ಸರೋವರಗಳ ಪ್ರಶ್ನೆ ಮಾತ್ರ ಹಾಗೆಯೇ ನಿಂತಿತು.

1974ನೆಯ ಮಾರ್ಚ್ 8ರಂದು ಲಾಕ್ ಕೂರ್ತ್ ಒರೇಯ್ ಒಜಿಬ್ವೆ ಪಂಗಡದ ಟ್ರಿಬಲ್ ಸಹೋದರರು ಮೀಸಲು ಪ್ರದೇಶದ ಗಡಿಯಾಚೆ, ಚೀಫ್ ಲೇಕ್ ಎಂಬ ಸರೋವರದ ಗಡ್ಡೆಯ ಮೇಲೆ ಮೀನಿನ ಬೇಟೆಗೆ ಕುಳಿತಿದ್ದಾಗ ರಾಜ್ಯದ ಅಧಿಕಾರಿಗಳು ಅವರ ಮೇಲೆ ಪ್ರಕರಣ ಹೂಡಿದರು. ಆರೋಪಗಳು ಇವು: ಒಳನಾಡಿನ ನೀರಿನಲ್ಲಿ ಈಟಿಯನ್ನು ಇಟ್ಟುಕೊಂಡಿದ್ದುದು, ಹೆಸರು ವಿಳಾಸಗಳನ್ನು ಸರಿಯಾಗಿ ಲಗತ್ತಿಸದ ಗುಡಿಸಲಿನಲ್ಲಿ ಇದ್ದುದು. ಸ್ಥಳೀಯ ನ್ಯಾಯಾಲಯದಲ್ಲಿ ಅವರು ಅಪರಾಧಿಗಳೆಂದು ತೀರ್ಮಾನವಾಯಿತು. ಪಂಗಡವು ಮರುವರ್ಷ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. 1978ರಲ್ಲಿ ನ್ಯಾಯಾಧೀಶ ಜೇಮ್ಸ್ ಡಾಯ್ಲ್ ಅವರು ಪಂಗಡಕ್ಕೆ ವಿರುದ್ಧವಾಗಿ ತೀರ್ಪಿತ್ತರು. 1983ರ ಜನವರಿ 25ರಂದು ಏಳನೆಯ ಮಂಡಲದ ಮೇಲ್ಮನವಿ ನ್ಯಾಯಾಲಯವು ಅದನ್ನು ತಿರುಗಿಸಿ, 1850ರ ಆಜ್ಞೆ ಅಧಿಕಾರವ್ಯಾಪ್ತಿಯನ್ನು ಮೀರಿದ್ದೆಂದೂ, 1854ರ ಒಪ್ಪಂದದಿಂದ ಹಕ್ಕು ನಷ್ಟವಾಗಲಿಲ್ಲವೆಂದೂ ಸಾರಿತು. ಪ್ರತಿವಾದಿಗಳಲ್ಲಿ ಒಬ್ಬರಾಗಿದ್ದ ರಾಜ್ಯಾಧಿಕಾರಿಯ ಹೆಸರಿನಿಂದ ಇದು ವಾಯ್ಟ್ ತೀರ್ಪೆಂದು ಪ್ರಖ್ಯಾತವಾಗಿದೆ.

ಹಕ್ಕು ಉಂಟೆಂದ ಮೇಲೆ ಅದರ ಸ್ವರೂಪವೇನು? ಯಾವ ಮೀನು, ಯಾವ ಸಾಧನ? ಈ ವಿಚಾರಣೆ ಮರಳಿ ಡಾಯ್ಲ್ ಅವರ ಮುಂದೆಯೇ ಬಂದಿತು. ಒಪ್ಪಂದಗಳ ಕಾಲದಲ್ಲಿ ಒಜಿಬ್ವೆ ಜನರು ಬಳಸುತ್ತಿದ್ದ ಈಟಿ, ಬಲೆ, ಗಾಳ ಮೊದಲಾದ ಸಾಧನಗಳನ್ನು ಕುರಿತು ಚರಿತ್ರಜ್ಞರೂ ಜನಾಂಗಶಾಸ್ತ್ರಜ್ಞರೂ ಸಾಕ್ಷ್ಯ ನುಡಿದರು. 1987ರಲ್ಲಿ ಡಾಯ್ಲ್ ಅವರು ಕೊಟ್ಟ ತೀರ್ಪಿನ ತಾತ್ಪರ್ಯ ಇದು: ಆ ಕಾಲದ ಸಾಧನಗಳನ್ನೆಲ್ಲ ಅವರು ಬಳಸಬಹುದು, ಆಮೇಲೆ ಬಂದ ಸಾಧನಗಳನ್ನೂ ಬಳಸಬಹುದು, ಹಿಡಿದದ್ದನ್ನು ಮಾರಲೂಬಹುದು. ಚಳಿಗಾಲದ ಗಡ್ಡೆಯ ಮೇಲೆ ಹುಟ್ಟಿದ ವ್ಯಾಜ್ಯ ಇಷ್ಟರಲ್ಲಿ ವಸಂತಕಾಲದ ತೆರೆದ ನೀರಿಗೆ ಹರಡಿತ್ತು. ರಾತ್ರಿ ದೋಣಿಯಲ್ಲಿ ದೀಪ ಹಿಡಿದು ವಾಲ್‌ಐ ಮೀನನ್ನು ಇರಿಯುವ ಒಜಿಬ್ವೆಯವರನ್ನು ದೋಣಿಗಟ್ಟೆಗಳಲ್ಲಿ ನೂರಾರು ಜನ ಸುತ್ತುಗಟ್ಟಿ, ಜಾತಿನಿಂದೆಯ ಕೂಗು ಹಾಕಿ, ಕಲ್ಲು ತೂರಿದರು. 1980ರ ದಶಕದ ಕೊನೆಯ ಆ ವಸಂತಗಳಲ್ಲಿ ಮೇಲಿಂದ ಮೇಲೆ ಕೇಳಿಬಂದ ಆಕ್ಷೇಪಗಳಲ್ಲಿ ಒಂದು, ಮೋಟಾರು ದೋಣಿಯಲ್ಲಿ ಬ್ಯಾಟರಿ ದೀಪ ಹಿಡಿದು ಬರುವವರದು ಪೂರ್ವಜರ ಪದ್ಧತಿಯಲ್ಲವೆಂಬುದು. ಹಾಗೆ ವಾದಿಸುವವರು ತೊಗಟೆಯ ದೋಣಿಯನ್ನೂ ಸೊಡರನ್ನೂ ಕೇಳುತ್ತಿದ್ದರು. ತಮ್ಮ ಅಜ್ಜಂದಿರು ಬಳಸಿದ ಗಾಳದ ಕೋಲನ್ನು ಅವರು ಯಾರೂ ತಾವು ಹಿಡಿದಿರಲಿಲ್ಲ. ಹೆನ್ರಿ ಕಂಡ ಕಬ್ಬಿಣದ ಮೊನೆಯನ್ನು ಬಲ್ಲವನಿಗೆ ಈ ಆಕ್ಷೇಪ ಎಷ್ಟು ಪೊಳ್ಳೆಂಬುದು ಸ್ಪಷ್ಟವಾಗುತ್ತದೆ. ಒಪ್ಪಂದಕ್ಕೆ ಅಂಕಿತ ಹಾಕಿದ ಪೀಳಿಗೆಯೂ ಕೈಗೆ ಸಿಕ್ಕಿದ ಹೊಸ ವಸ್ತುವನ್ನು ಹಳೆಯ ಕ್ರಮಕ್ಕೆ ಹೊಂದಿಸಿಕೊಂಡ ಪೀಳಿಗೆಯೇ.

1991ರಲ್ಲಿ ವಿಸ್ಕಾನ್ಸಿನ್ನಿನ ಮೊಕದ್ದಮೆಯ ಅಂತಿಮ ತೀರ್ಪು ಬಂದಾಗ ರಾಜ್ಯವಾಗಲಿ ಪಂಗಡಗಳಾಗಲಿ ಮೇಲ್ಮನವಿ ಸಲ್ಲಿಸಲಿಲ್ಲ. ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಪಂಗಡದ ದಾವೆಯಲ್ಲಿ 1837ರ ಒಪ್ಪಂದದ ಹಕ್ಕನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಒಬ್ಬರ ಮನಸ್ಸು ಬೇರೆಯಾಗಿದ್ದರೆ ಈ ಚರಿತ್ರೆಯನ್ನು ಬೇರೆ ರೀತಿಯಲ್ಲಿ ಬರೆಯಬೇಕಾಗುತ್ತಿತ್ತು.

ಇದೇ ವರ್ಷಗಳಲ್ಲಿ ದೀಹದ ಮೀನು ಮತ್ತೊಂದು ದಾರಿಯನ್ನೂ ಹಿಡಿಯಿತು. ಕಲಾಸಂಗ್ರಾಹಕರು ಅದನ್ನು ಹುಡುಕಿ ಕೊಳ್ಳಲಾರಂಭಿಸಿದರು. 1990ರಲ್ಲಿ ನ್ಯೂಯಾರ್ಕಿನ ಅಮೆರಿಕನ್ ಜಾನಪದ ಕಲೆಯ ವಸ್ತುಸಂಗ್ರಹಾಲಯದಲ್ಲಿ ಇವುಗಳ ಪ್ರದರ್ಶನವೊಂದು ನಡೆಯಿತು. ಹೀಗೆ ದೋಣಿಗಟ್ಟೆಯಲ್ಲಿ ಈಟಿ ಹಿಡಿದವನ ಮೇಲೆ ಕಲ್ಲು ಬೀಳುತ್ತಿದ್ದ ಕಾಲದಲ್ಲಿಯೇ ನಗರದಲ್ಲಿ ಅವನ ಮರದ ಮೀನಿಗೆ ಗಾಜಿನ ಪೆಟ್ಟಿಗೆ ಸಿದ್ಧವಾಗಿತ್ತು. ಸಂಗ್ರಾಹಕರನ್ನು ನಾನು ಹಳಿಯಲಾರೆ. ಅವರಿಲ್ಲದಿದ್ದರೆ ಎಷ್ಟೋ ಮೀನುಗಳು ಒಲೆಯ ಪಾಲಾಗುತ್ತಿದ್ದವು. ಆದರೆ ಕಲಾವಸ್ತುವಾದೊಡನೆ ಅದನ್ನು ಅಳೆಯುವ ಕೋಲೇ ಬೇರೆಯಾಯಿತು. ಬಣ್ಣ ಮಾಸದಿರುವುದು ಹೆಚ್ಚಿನ ಬೆಲೆಗೆ ಕಾರಣವಾಯಿತು. ನೀರಿನಲ್ಲಿ ಅದು ಸುತ್ತುತ್ತದೆಯೋ ಇಲ್ಲವೋ ಎಂದು ಕೇಳುವವರು ಕಡಿಮೆಯಾದರು. ಬೆಲೆ ಏರಿದಂತೆ ಹೊಸದಾಗಿ ಕೆತ್ತಿ ಹಳೆಯದರಂತೆ ಸವೆಯಿಸಿ ಮಾರುವವರೂ ಹುಟ್ಟಿಕೊಂಡರು. ಹಳೆಯ ಮೀನುಗಳ ಪೈಕಿ ಬಹುಪಾಲಿನ ಕೆಳಗೆ, ಮಾಡಿದವರು ಯಾರೆಂದು ತಿಳಿದಿಲ್ಲವೆಂಬ ಚೀಟಿಯಿದೆ. ಚೀಫ್ ಲೇಕಿನ ಗುಡಿಸಲಿಗೆ ಹೆಸರಿನ ಚೀಟಿ ಇಲ್ಲದ್ದು ದಂಡಾರ್ಹವಾಗಿತ್ತು. ಇಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಇಂಥ ಮೀನುಗಳನ್ನು ಆಧಾರವಾಗಿ ಬಳಸಬೇಕೆಂದಿರುವ ವಿದ್ಯಾರ್ಥಿಗಳು ಬಣ್ಣಕ್ಕಿಂತ ಮೊದಲು ಹೊಟ್ಟೆಯ ಸೀಸವನ್ನು ನೋಡತಕ್ಕದ್ದು. ಅಲ್ಲಿ ಕೆರೆದ, ಕೂಡಿಸಿದ ಗುರುತುಗಳಿದ್ದರೆ ಅದನ್ನು ಯಾರೋ ನೀರಿನಲ್ಲಿಟ್ಟು ಸರಿಪಡಿಸಿದ್ದಾರೆಂದು ತಿಳಿಯಬಹುದು. ಅನಂತರ ದಾರದ ಕೊಂಡಿಯ ಸವೆತ, ರೆಕ್ಕೆಗಳನ್ನು ಮತ್ತೆ ಮತ್ತೆ ಬಗ್ಗಿಸಿದ ಮಡಿಕೆ. ಕೊನೆಯದಾಗಿ ಪಕ್ಕೆಯ ಮೇಲೆ ಸಾಲಾಗಿ ಬಿದ್ದ ಸಣ್ಣ ಗೀರುಗಳನ್ನು ಹುಡುಕಬೇಕು. ಸೆಳೆದುಕೊಳ್ಳುವ ಕೈ ಕ್ಷಣಮಾತ್ರ ತಡವಾದಾಗ ಪೈಕ್ ಮೀನು ಕಚ್ಚಿದ ಹಲ್ಲಿನ ಗುರುತುಗಳವು.